ವಿದ್ಯುತ್ ಮಾರ್ಗ, ಅಯಸ್ಕಾಂತ ಮತ್ತು ಮೀನುಮರಿ ಉದ್ಯಮ

ಶಿವನಸಮುದ್ರದಲ್ಲಿ ಉತ್ಪಾದನೆಯಾದ ಜಲವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳನ್ನು ತಲುಪಿದ್ದು 1902ರಲ್ಲಿ. 2001ರಲ್ಲಿ ಗಣಿಗಾರಿಕೆ ಸ್ಥಗಿತಗೊಂಡ ಬಳಿಕ ಕೆಜಿಎಫ್ ಹಾಗೂ ಬಂಗಾರಪೇಟೆ ಭಾಗದ ಉದ್ಯಮಿಗಳು ಹೊಸ ಕಸುಬುಗಳತ್ತ ದೃಷ್ಟಿ ಹರಿಸುವುದು ಅನಿವಾರ್ಯವಾಯಿತು. ಕೆರೆಗಳ ನಾಡಾದ ಕೋಲಾರ ಜಿಲ್ಲೆಯಲ್ಲಿ ಮೀನುಮರಿ ಉತ್ಪಾದನೆ ಅಂಥದೊಂದು ಅವಕಾಶ. ಈ ಉದ್ಯಮಕ್ಕೆ ಬಂಡವಾಳ ಹೂಡುವವರ ಮುಂದೆ ಎರಡು ಪ್ರಶ್ನೆಗಳಿವೆ. ವಿದ್ಯುತ್ ಮಾರ್ಗದ ಸಮೀಪವಿರುವ ಜಮೀನಿನಲ್ಲಿ ಮರಿಗಳು ಉಳಿಯುವವೇ? ನೀರಿನ ಕೊಳವೆಗೆ ಅಯಸ್ಕಾಂತ ಅಳವಡಿಸಿದರೆ ಇಳುವರಿ ಹೆಚ್ಚುವುದೇ?

ಕಾಂತಕ್ಷೇತ್ರವು ಮೀನಿನ ಭ್ರೂಣದ ಮೇಲೆ ಪರಿಣಾಮ ಬೀರಬಲ್ಲದು ಎಂಬುದು ಪ್ರಯೋಗಗಳಿಂದ ತಿಳಿದುಬಂದಿದೆ. ಪೋಲೆಂಡಿನ ವಿಜ್ಞಾನಿಗಳಾದ ಫಾರ್ಮಿಕಿ ಮತ್ತು ವಿನ್ನಿಕಿ ಅವರು ಪ್ರಬಲವಾದ ಸ್ಥಿರ ಕಾಂತಕ್ಷೇತ್ರದಲ್ಲಿ ಟ್ರೌಟ್ ಮೀನಿನ ಭ್ರೂಣಗಳ ಬೆಳವಣಿಗೆ ನಿಧಾನವಾಗುವುದನ್ನು ಗುರುತಿಸಿದರು. ಜೀಬ್ರಾ ಮೀನಿನ ಭ್ರೂಣಗಳನ್ನು 50 ಹರ್ಟ್ಸ್‌ನ 1 ಮಿಲಿಟೆಸ್ಲಾ ಕ್ಷೇತ್ರದಲ್ಲಿ ಇರಿಸಿದಾಗ ಮೊಟ್ಟೆಯೊಡೆಯುವುದು ತಡವಾಯಿತೆಂದು ನಾರ್ವೆಯ ಸಂಶೋಧಕರು 2000ದಲ್ಲಿ ವರದಿ ಮಾಡಿದರು.

ಆದರೆ ಉದ್ಯಮಿಯು ಗಮನಿಸಬೇಕಾದುದು ಪ್ರಮಾಣವನ್ನು. 1 ಮಿಲಿಟೆಸ್ಲಾ ಎಂದರೆ 1000 ಮೈಕ್ರೊಟೆಸ್ಲಾ. ದಕ್ಷಿಣ ಭಾರತದಲ್ಲಿ ಭೂಮಿಯ ಸ್ವಾಭಾವಿಕ ಸ್ಥಿರ ಕ್ಷೇತ್ರವೇ ಸುಮಾರು 40 ಮೈಕ್ರೊಟೆಸ್ಲಾ. ಅಧಿಕ ವೋಲ್ಟೇಜಿನ ಮಾರ್ಗದ ಕೆಳಗೆ ನೆಲಮಟ್ಟದಲ್ಲಿ ಕಂಡುಬರುವ ಪರ್ಯಾಯ ಕ್ಷೇತ್ರವು ಸಾಮಾನ್ಯವಾಗಿ ಕೆಲವು ಮೈಕ್ರೊಟೆಸ್ಲಾಗಳಿಂದ 20ರ ಆಸುಪಾಸಿನಲ್ಲಿರುತ್ತದೆ. ಅಂದರೆ ನಾರ್ವೆಯ ಪ್ರಯೋಗದಲ್ಲಿ ಬಳಸಿದ್ದಕ್ಕಿಂತ ಇದು ಕನಿಷ್ಠ ಐವತ್ತು ಪಟ್ಟು ಕಡಿಮೆ. ದೂರ ಸರಿದಂತೆ ಇನ್ನಷ್ಟು ಕುಗ್ಗುತ್ತದೆ. ಆದ್ದರಿಂದ ಆ ಪ್ರಯೋಗವನ್ನು ಮುಂದಿಟ್ಟುಕೊಂಡು ಕೆರೆಯನ್ನೋ ಜಮೀನನ್ನೋ ತಿರಸ್ಕರಿಸುವುದು ಸರಿಯಲ್ಲ. ನೀರು ಕಾಂತಕ್ಷೇತ್ರವನ್ನು ತಡೆಯುವುದಿಲ್ಲವಾದ ಕಾರಣ, ಪಂಪಿನ ಮೋಟಾರನ್ನು ಮೊಟ್ಟೆಯ ತೊಟ್ಟಿಗೆ ಅಂಟಿಸಿ ಕೂರಿಸದೆ ಒಂದೆರಡು ಮೀಟರ್ ದೂರವಿರಿಸುವುದು ಖರ್ಚಿಲ್ಲದ ಮುನ್ನೆಚ್ಚರಿಕೆ. ಮೋಟಾರಿನಿಂದ ನೀರಿಗೆ ವಿದ್ಯುತ್ ಸೋರದಂತೆ ಭೂಸಂಪರ್ಕ ಕಲ್ಪಿಸುವುದು ಅದಕ್ಕಿಂತಲೂ ಮುಖ್ಯ. ಇದು ಮೀನಿನ ಜೊತೆಗೆ ಕೆಲಸಗಾರರ ಜೀವದ ಪ್ರಶ್ನೆಯೂ ಹೌದು.

ಅಯಸ್ಕಾಂತದ ಉಪಕರಣಗಳ ವಿಚಾರದಲ್ಲಿಯೂ ಇದೇ ವಿವೇಚನೆ ಅಗತ್ಯ. ಪ್ರಯೋಗಾಲಯದಲ್ಲಿ ಕಂಡ ಪರಿಣಾಮವು ಮಾರಾಟಗಾರರ ಭರವಸೆಗೆ ಪ್ರಮಾಣಪತ್ರವಲ್ಲ. ಮೇಲಿನ ಪ್ರಯೋಗಗಳಲ್ಲಿ ಕಂಡುಬಂದದ್ದು ವಿಳಂಬವೇ ಹೊರತು ಲಾಭವಲ್ಲ. ಮೇಲಾಗಿ ಅಲ್ಲಿ ಮೊಟ್ಟೆಗಳೇ ಕ್ಷೇತ್ರದೊಳಗಿದ್ದವು. ಕೊಳವೆಯ ಉಪಕರಣದಲ್ಲಿ ನೀರು ಮಾತ್ರ ಕ್ಷಣಕಾಲ ಹಾದುಹೋಗುತ್ತದೆ.

ಆಸಕ್ತರು ಸರಳ ಪರೀಕ್ಷೆಯೊಂದನ್ನು ಕೈಗೊಳ್ಳಬಹುದು. ಒಂದೇ ತಾಯಿಮೀನಿನ ಫಲಿತ ಮೊಟ್ಟೆಗಳನ್ನು ಎರಡು ಸಮಪಾಲು ಮಾಡಿ, ಒಂದೇ ಮೂಲದ ನೀರುಳ್ಳ ಎರಡು ತೊಟ್ಟಿಗಳಲ್ಲಿರಿಸಿ, ಒಂದಕ್ಕೆ ಮಾತ್ರ ಉಪಕರಣ ಅಳವಡಿಸುವುದು. ಕಾಟ್ಲಾ, ರೋಹು, ಮೃಗಾಲ್ ಮೊಟ್ಟೆಗಳು ಅನುಕೂಲಕರ ಉಷ್ಣತೆಯಲ್ಲಿ ಸುಮಾರು 14ರಿಂದ 18 ಗಂಟೆಗಳಲ್ಲಿ ಒಡೆಯುತ್ತವೆ. ಮೂರನೆಯ ದಿನದ ಹೊತ್ತಿಗೆ ಬದುಕುಳಿದ ಮರಿಗಳನ್ನು ಎಣಿಸಿ ಹೋಲಿಸಬೇಕು. ಇದನ್ನು ಹಲವು ಬಾರಿ ನಡೆಸಿದರೂ ಒಂದೇ ಬಗೆಯ ಹೆಚ್ಚಳ ಕಾಣದಿದ್ದಲ್ಲಿ ಉಪಕರಣಕ್ಕೆ ಹಣ ತೊಡಗಿಸುವುದು ವ್ಯರ್ಥ.

ಮರಿಗಳ ಉಳಿವನ್ನು ಪ್ರಧಾನವಾಗಿ ನಿರ್ಧರಿಸುವುದು ಆರೋಗ್ಯವಂತ ತಾಯಿಮೀನು, ನೀರಿನ ಉಷ್ಣತೆ, ಕರಗಿದ ಆಮ್ಲಜನಕ ಮತ್ತು ನಿರಂತರ ನೀರಿನ ಹರಿವು. ವಿದ್ಯುತ್ ಕೈಕೊಟ್ಟಾಗ ಹರಿವು ನಿಲ್ಲದಂತೆ ಮೇಲ್ತೊಟ್ಟಿಯನ್ನೋ ಜನರೇಟರನ್ನೋ ಸಿದ್ಧವಿರಿಸಿಕೊಳ್ಳುವುದು ಬಂಡವಾಳದ ಮೊದಲ ಬಾಬತ್ತಾಗಬೇಕು.