ಮನೆಯಲ್ಲೇ ಒಂದು ಕತ್ತಲೆ ಕೋಣೆ: ಹಳೆಯ ನೆಗೆಟಿವ್‌ಗಳಿಗೆ ಮರುಜೀವ

ನಾಳೆ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅಟ್ಟ ಹತ್ತಿ ಹಳೆಯ ಟ್ರಂಕು ತೆಗೆದು ನೋಡಿ. ಮದುವೆ ಆಲ್ಬಮ್ಮು, ಜಾತಕದ ಕಟ್ಟುಗಳ ಅಡಿಯಲ್ಲಿ ಒಂದು ಮಾಸಿದ ಕವರ್ ಇದ್ದರೂ ಇರಬಹುದು. ಅದರೊಳಗೆ ಫಿಲಂ ತುಂಡುಗಳು. ಬೆಳಕಿಗೆ ಹಿಡಿದರೆ ಮುಖ ಕಪ್ಪು, ಕೂದಲು ಬಿಳಿ. ಇವೇ ನೆಗೆಟಿವ್‌ಗಳು. ಆಲ್ಬಮ್ಮಿನ ಫೋಟೋ ಯಾರೋ ಕೇಳಿ ಒಯ್ದಿರುತ್ತಾರೆ, ಇಲ್ಲವೇ ಗೆದ್ದಲು ತಿಂದಿರುತ್ತದೆ. ಆದರೆ ನೆಗೆಟಿವ್ ಉಳಿದಿದ್ದರೆ ಅಜ್ಜಿಯ ಮುಖ ಇನ್ನೂ ಹೋಗಿಲ್ಲವೆಂದೇ ಲೆಕ್ಕ.

ಆದರೆ ಎಷ್ಟು ದಿನ? ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರಿಗೆ ನಮ್ಮ ಮಳೆಗಾಲದ ವಿಷಯ ಬೇರೆ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಫಿಲಂ ಮೇಲೆ ಚಿತ್ರ ಹಿಡಿದಿಟ್ಟಿರುವುದು ಜೆಲಾಟಿನ್ ಎಂಬ ಅಂಟು ಪದರ. ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ್ದು; ಬೂಷ್ಟಿಗೆ ಅದು ಮೃಷ್ಟಾನ್ನವೇ ಸರಿ. ಒಂದೊಂದು ಮಳೆಗಾಲಕ್ಕೆ ಒಂದಿಷ್ಟು ಮುಖ ಅಳಿಸುತ್ತಾ ಹೋಗುತ್ತದೆ.

"ಎಂತ ಅಕ್ಕಾ, ಮೊಬೈಲಿನಲ್ಲಿ ತೆಗೆದಿಟ್ಟರೆ ಆಯ್ತಲ್ಲ?" ಅಂತೀರಾ? ಖಂಡಿತ ತೆಗೆದಿಡಿ, ಅದೇ ಮೊದಲ ಕೆಲಸ. ಬಿಳಿ ಪರದೆಯ ಮೇಲೆ ನೆಗೆಟಿವ್ ಇಟ್ಟು ಒಂದು ಚಿತ್ರ ತೆಗೆದರೆ ಅಷ್ಟರಮಟ್ಟಿಗೆ ಧೈರ್ಯ. ಆದರೆ ಮೊಬೈಲ್ ಹಾಳಾದ ದಿನ ಚಿತ್ರಗಳೂ ಹೋದ ಕಥೆ ಮನೆಮನೆಯಲ್ಲೂ ಇದೆ. ಸರಿಯಾಗಿ ತೊಳೆದ ಕಪ್ಪು-ಬಿಳುಪು ಪ್ರಿಂಟು ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಅದನ್ನು ಮನೆಯಲ್ಲೇ ಮಾಡಬಹುದು. ಬೇಕಾದದ್ದು ಒಂದು ಕತ್ತಲೆ ಕೋಣೆ ಮತ್ತು ಸ್ವಲ್ಪ ತಾಳ್ಮೆ. ಎರಡನೆಯದು ನಮ್ಮಲ್ಲಿ ಬೇಕಾದಷ್ಟಿದೆ!

ಇದು ಗಂಡಸರ ಹವ್ಯಾಸವೇ?

ಅಲ್ಲವೇ ಅಲ್ಲ. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದವರು. ಸೀರೆ ಉಟ್ಟು, ಭಾರದ ಕ್ಯಾಮರಾ ಹೊತ್ತು ದೆಹಲಿಯ ಬೀದಿ ಸುತ್ತಿದವರು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಇನ್ನು ನಮ್ಮ ಊರಿನ ಮಾತೇ ಹೇಳುವುದಾದರೆ, ಕೋಟದಲ್ಲಿ 1902ರಲ್ಲಿ ಹುಟ್ಟಿದ ಡಾ. ಶಿವರಾಮ ಕಾರಂತರು 1930ರ ಸುಮಾರಿಗೇ 'ಡೊಮಿಂಗೊ' ಎಂಬ ಮೂಕಿ ಚಿತ್ರ ತೆಗೆದಿದ್ದರು. ಕ್ಯಾಮರಾದ ಹುಚ್ಚು ಈ ಕರಾವಳಿಗೆ ಹೊಸತಲ್ಲ.

ನಮ್ಮ ಅಪ್ಪ-ದೊಡ್ಡಪ್ಪಂದಿರ ಕಾಲದಲ್ಲಿ ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ತ್ರೀ ಕ್ಯಾಮರಾ ಬಹಳ ಮನೆಗಳಲ್ಲಿತ್ತು. ಒಂದು ರೋಲಿಗೆ 12 ಚಿತ್ರ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 'ಇಂದು' ಎಂಬ ಹೆಸರಿನಲ್ಲಿ ಫಿಲಂ, ಕಾಗದ ಎರಡನ್ನೂ ಮಾಡುತ್ತಿತ್ತು. ಆ ಕಾರ್ಖಾನೆ ಈಗ ಇಲ್ಲ. ಆದರೆ ಇಂಗ್ಲೆಂಡಿನ ಇಲ್ಫೋರ್ಡ್, ಚೆಕ್ ದೇಶದ ಫೋಮಾ ಕಂಪನಿಗಳ ಕಾಗದ ಮತ್ತು ಔಷಧಿ ಈಗಲೂ ಸಿಗುತ್ತವೆ; ದೊಡ್ಡ ಊರುಗಳಿಂದ ಅಂಚೆಯಲ್ಲಿ ತರಿಸಿಕೊಳ್ಳಬೇಕು, ಅಷ್ಟೇ.

ಯಾವ ಕೋಣೆ?

ಬಚ್ಚಲುಮನೆ ಅನುಕೂಲ ಎಂದು ಕಾಣುತ್ತದೆ, ನೀರು ಹತ್ತಿರ ಅಲ್ಲವೇ? ಆದರೆ ಹಂಡೆಗೆ ಬೆಂಕಿ ಹಾಕುವ ಬಚ್ಚಲಾದರೆ ಬೇಡ. ಮಸಿ, ಬೂದಿ, ಹಬೆ ಮೂರೂ ಫೋಟೋಕ್ಕೆ ಶತ್ರುಗಳು. ಅಡುಗೆಮನೆಯಂತೂ ಬೇಡವೇ ಬೇಡ. ಹಳೆಯ ಮನೆಗಳ ಉಗ್ರಾಣವೇ ಪ್ರಶಸ್ತ. ಕಿಟಕಿ ಚಿಕ್ಕದು, ಗೋಡೆ ದಪ್ಪ, ಒಳಗೆ ತಂಪು. ಆರು ಅಡಿಗೆ ಎಂಟು ಅಡಿ ಜಾಗ ಇದ್ದರೆ ಧಾರಾಳ.

ನಮ್ಮ ಕಡೆಯ ತೊಂದರೆ ಹಂಚಿನ ಮಾಡಿನದು. ಹಂಚಿನ ಸಂದಿನಿಂದ ನೂಲಿನಂತೆ ಬೆಳಕು ಇಳಿಯುತ್ತದೆ; ಗಾಜಿನ ಹಂಚು ಇದ್ದರಂತೂ ಕೇಳುವುದೇ ಬೇಡ. ಕೋಣೆಗೆ ಮರದ ಮುಚ್ಚಿಗೆ ಇದ್ದರೆ ನೀವು ಪುಣ್ಯವಂತರು, ಹಲಗೆ ಸಂದುಗಳಿಗೆ ಕಪ್ಪು ಪಟ್ಟಿ ಹಚ್ಚಿದರೆ ಸಾಕು. ಮುಚ್ಚಿಗೆ ಇಲ್ಲದಿದ್ದರೆ ದಪ್ಪ ಕಪ್ಪು ಟಾರ್ಪಾಲನ್ನು ಎರಡು ಪದರ ಮಾಡಿ ಅಡ್ಡ ಕಟ್ಟಿಸಿ. ಮೇಲಿಂದ ಬೀಳುವ ಧೂಳೂ ನಿಲ್ಲುತ್ತದೆ. ಕಿಟಕಿಗೆ ಪ್ಲೈವುಡ್ಡಿನ ಹಲಗೆ, ಬಾಗಿಲಿಗೆ ನೆಲ ಮುಟ್ಟುವಂತೆ ದಪ್ಪ ಕಪ್ಪು ಬಟ್ಟೆಯ ಎರಡು ಪರದೆ.

ಕತ್ತಲೆ ಸರಿಯಾಯಿತೇ ಎಂದು ನೋಡುವುದು ಹೀಗೆ: ನಡು ಮಧ್ಯಾಹ್ನ ಒಳಗೆ ಹೋಗಿ ಬಾಗಿಲು ಹಾಕಿ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕಣ್ಣು ಪಳಗಿದ ಮೇಲೆ ಬೆಳಕಿನ ತೂತುಗಳು ಒಂದೊಂದಾಗಿ ಕಾಣುತ್ತವೆ. ಚಾಕ್‌ಪೀಸಿನಿಂದ ಗುರುತು ಹಾಕಿ ಮುಚ್ಚುತ್ತಾ ಬನ್ನಿ. ಮುಖದ ಮುಂದೆ ಹಿಡಿದ ಬಿಳಿ ಕಾಗದ ಕಾಣದಿದ್ದರೆ ಕೋಣೆ ಪಾಸು. ಇಷ್ಟೆಲ್ಲ ರಗಳೆ ಬೇಡವೆಂದರೆ ರಾತ್ರಿ ಊಟ ಮುಗಿದ ಮೇಲೆ ಕೆಲಸಕ್ಕೆ ಕೂರಿ. ಅರ್ಧ ಕತ್ತಲೆಯನ್ನು ದೇವರೇ ಕೊಟ್ಟಿರುತ್ತಾನೆ.

ಗೋಡೆಗೆಲ್ಲ ಕಪ್ಪು ಬಣ್ಣ ಬಳಿಯಬೇಕೆಂದು ಕೆಲವರು ಹೇಳುತ್ತಾರೆ. ಬೇಕಾಗಿಲ್ಲ. ಬೆಳಕು ಹಾಯಿಸುವ ಜಾಗದ ಸುತ್ತ ಮಾತ್ರ ಕಪ್ಪು ಇರಲಿ. ಉಳಿದ ಕಡೆ ಸುಣ್ಣ ಹೊಡೆದ ಬಿಳಿ ಗೋಡೆಯೇ ಒಳ್ಳೆಯದು, ಕೆಂಪು ದೀಪದ ಬೆಳಕಿನಲ್ಲಿ ಕೈಕಾಲು ಕಾಣುತ್ತದೆ.

ಕೋಣೆಯನ್ನು ಎರಡು ಭಾಗ ಮಾಡಿ. ಒಂದು ಬದಿ 'ಒಣ ಬದಿ': ಕಾಗದ, ನೆಗೆಟಿವ್, ಬಲ್ಬು ಇಲ್ಲಿ. ಎದುರು ಬದಿ 'ಒದ್ದೆ ಬದಿ': ಟ್ರೇಗಳು, ನೀರು ಇಲ್ಲಿ. ದೇವರ ಕೋಣೆಯ ಮಡಿಯಂತೆ ಇದನ್ನು ಪಾಲಿಸಬೇಕು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟುವಂತಿಲ್ಲ. ಎಲೆಕ್ಟ್ರಿಶಿಯನ್ನರಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ, ಷಾಕ್ ತಡೆಯುವ ಆರ್‌ಸಿಸಿಬಿ ಸ್ವಿಚ್ಚು ಹಾಕಿಸಿ. ಮೇಜು ನಮ್ಮ ಅಡುಗೆ ಕಟ್ಟೆಯಷ್ಟೇ ಎತ್ತರವಿರಲಿ, ಸೊಂಟಕ್ಕೆ ಸುಖ.

ಬೇಕಾಗುವ ಸಾಮಾನು

ಪ್ಲಾಸ್ಟಿಕ್ ಟ್ರೇ – 3
ಪ್ಲಾಸ್ಟಿಕ್ ಇಕ್ಕಳ – 3
ತೊಳೆಯಲು ದೊಡ್ಡ ಬೇಸಿನ್ – 1
ಕೆಂಪು ಬಲ್ಬು – 1
ಬಿಳಿ ಝೀರೋ ಬಲ್ಬು – 1
ಗೀರು ಇಲ್ಲದ ದಪ್ಪ ಗಾಜು – 1
ಥರ್ಮಾಮೀಟರ್, ಅಳತೆಯ ಜಾರ್, ಗಡಿಯಾರ
ಕಾಗದಕ್ಕೆ ಹಾಕುವ ಡೆವಲಪರ್ ಮತ್ತು ಫಿಕ್ಸರ್
ಪ್ಲಾಸ್ಟಿಕ್ ಲೇಪದ ಫೋಟೋ ಕಾಗದ (ಆರ್‌ಸಿ ಕಾಗದ ಎಂದು ಕೇಳಿ)
ರಬ್ಬರ್ ಕೈಗವಸು, ಹಳೆಯ ಏಪ್ರನ್

ಎನ್‌ಲಾರ್ಜರ್ ಎಲ್ಲಿ ಎಂದು ಕೇಳಬೇಡಿ. ಶುರುವಿಗೆ ಅದು ಬೇಡ. ಕ್ಲಿಕ್ ತ್ರೀಯಂಥ ಕ್ಯಾಮರಾದ ನೆಗೆಟಿವ್ ಸುಮಾರು ಎರಡೂಕಾಲು ಅಂಗುಲ ಚೌಕ ಇರುತ್ತದೆ. ಅದನ್ನು ಕಾಗದದ ಮೇಲೆ ಒತ್ತಿಟ್ಟು ಅಷ್ಟೇ ಅಳತೆಯ ಪ್ರಿಂಟು ಮಾಡಬಹುದು. ಇದಕ್ಕೆ ಕಾಂಟ್ಯಾಕ್ಟ್ ಪ್ರಿಂಟ್ ಎನ್ನುತ್ತಾರೆ. ಕೈ ಪಳಗಿದ ಮೇಲೆ ಹಳೆಯ ಸ್ಟುಡಿಯೋಗಳಲ್ಲಿ ವಿಚಾರಿಸಿ. ಮೂಲೆ ಸೇರಿದ ಎನ್‌ಲಾರ್ಜರ್ ಸಿಕ್ಕೀತು. ಕೊಳ್ಳುವ ಮುಂಚೆ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂತೆ ಕಂಡರೆ ಅದು ಬೂಷ್ಟು, ಬೇಡವೆನ್ನಿ.

ನೀರಿನ ವಿಚಾರ

ಹೊಳೆಬಾಯಿ, ಸಮುದ್ರದ ಹತ್ತಿರದ ಬಾವಿಗಳ ನೀರು ಏಪ್ರಿಲ್-ಮೇ ತಿಂಗಳಲ್ಲಿ ಉಪ್ಪಾಗುವುದುಂಟು. ಕೆಲವು ಬಾವಿಗಳಲ್ಲಿ ಕಬ್ಬಿಣದ ಅಂಶ ಹೆಚ್ಚು, ಬಕೆಟ್ಟಿನ ತಳದಲ್ಲಿ ಕೆಂಪು ಕೂರುತ್ತದೆ. ಔಷಧಿ ಕಲಸಲು ಫಿಲ್ಟರ್ ನೀರೇ ಇರಲಿ. ತೊಳೆಯಲು ಬಾವಿ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಸಾಕು; ಕೊನೆಯ ಮುಳುಗು ಮಾತ್ರ ಫಿಲ್ಟರ್ ನೀರಿನಲ್ಲಿ.

ಡೆವಲಪರ್ 20 ಡಿಗ್ರಿ ಸೆಲ್ಸಿಯಸ್ ಇರಬೇಕು ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ನಮ್ಮ ನೀರು ಬೇಸಿಗೆಯಲ್ಲಿ 28-30 ಡಿಗ್ರಿ! ಹಾಗೆಂದು ಡೆವಲಪರಿಗೆ ಐಸ್ ತುಂಡು ಹಾಕಬೇಡಿ, ನೀರಾಗಿ ಹೋಗುತ್ತದೆ. ದೊಡ್ಡ ಬೇಸಿನ್ನಿನಲ್ಲಿ ಐಸ್ ನೀರು ಹಾಕಿ, ಅದರೊಳಗೆ ಟ್ರೇ ಇಡಿ. ಹಾಲು ಆರಿಸುವುದಿಲ್ಲವೇ, ಹಾಗೆ. ಮೂರೂ ಟ್ರೇಗಳ ಬಿಸಿ ಹೆಚ್ಚು ಕಡಿಮೆ ಒಂದೇ ಇರಲಿ.

ಮಾಡುವ ವಿಧಾನ

ಟ್ರೇಗಳನ್ನು ಸಾಲಾಗಿ ಇಡಿ: ಮೊದಲು ಡೆವಲಪರ್, ನಡುವೆ ಬರೀ ನೀರು, ಆಮೇಲೆ ಫಿಕ್ಸರ್. ಪ್ರತಿಯೊಂದಕ್ಕೂ ಅದರದ್ದೇ ಇಕ್ಕಳ. ಫಿಕ್ಸರಿನ ಒಂದು ಹನಿ ಡೆವಲಪರಿಗೆ ಬಿದ್ದರೂ ಹಾಲಿಗೆ ಹುಳಿ ಹಿಂಡಿದಂತೆ.

ಕೆಂಪು ದೀಪ ನಾಲ್ಕು ಅಡಿ ದೂರವಿರಲಿ. ಪೇಟೆಯ ಎಲ್ಲ ಕೆಂಪು ಬಲ್ಬೂ ಆಗುವುದಿಲ್ಲ, ಪರೀಕ್ಷೆ ಮಾಡಿ. ಕಾಗದದ ಮೇಲೆ ಒಂದು ನಾಣ್ಯವಿಟ್ಟು ಐದು ನಿಮಿಷ ಕೆಂಪು ಬೆಳಕಿನಲ್ಲಿ ಬಿಡಿ, ಆಮೇಲೆ ಡೆವಲಪ್ ಮಾಡಿ. ನಾಣ್ಯದ ಗುರುತು ಮೂಡಿದರೆ ಆ ಬಲ್ಬು ಬೇಡ. (ಈ ಕೆಂಪು ದೀಪ ಕಾಗದಕ್ಕೆ ಮಾತ್ರ. ಹೊಸ ಫಿಲಂ ತೊಳೆಯುವುದಾದರೆ ಪೂರ್ತಿ ಕತ್ತಲೆಯೇ ಬೇಕು.)

ಈಗ ಕಾಗದದ ಹೊಳೆಯುವ ಮುಖ ಮೇಲೆ ಮಾಡಿ. ನೆಗೆಟಿವ್‌ನ ಮಂಕು ಮುಖ ಕೆಳಗೆ ಬರುವಂತೆ ಅದರ ಮೇಲಿಡಿ. ಗಾಜಿನಿಂದ ಒತ್ತಿ. ಮೂರು ಅಡಿ ಮೇಲಿನ ಝೀರೋ ಬಲ್ಬನ್ನು ಕೆಲವು ಸೆಕೆಂಡು ಹಾಕಿ ಆರಿಸಿ. ಎಷ್ಟು ಸೆಕೆಂಡು? ದೋಸೆ ಹದ ನೋಡಲು ಮೊದಲು ಒಂದು ಚಿಕ್ಕದು ಹುಯ್ಯುತ್ತೇವಲ್ಲ, ಹಾಗೆ ಕಾಗದದ ಒಂದು ಪಟ್ಟಿ ಕತ್ತರಿಸಿ. ರಟ್ಟಿನಿಂದ ಮುಚ್ಚಿ, ಎರಡೆರಡು ಸೆಕೆಂಡಿಗೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಬೆಳಕು ಕೊಡಿ. ತೊಳೆದಾಗ ಯಾವ ಪಟ್ಟೆ ಚೆನ್ನಾಗಿ ಬಂತೋ ಅದೇ ನಿಮ್ಮ ಹದ.

ಬೆಳಕು ಕೊಟ್ಟ ಕಾಗದವನ್ನು ಡೆವಲಪರಿನಲ್ಲಿ ಮುಳುಗಿಸಿ ಟ್ರೇಯನ್ನು ಮೆಲ್ಲಗೆ ತೂಗಿ. ಬಿಳಿ ಕಾಗದದಲ್ಲಿ ಮೊದಲು ಕೂದಲು, ಆಮೇಲೆ ಕಣ್ಣು, ಸೀರೆಯ ಅಂಚು... ಒಂದೂವರೆ ನಿಮಿಷದಲ್ಲಿ ಮನುಷ್ಯರೇ ಎದ್ದು ಬರುತ್ತಾರೆ. ಆಮೇಲೆ ಅರ್ಧ ನಿಮಿಷ ನೀರು, ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಫಿಕ್ಸರ್, ಕೊನೆಗೆ ನಾಲ್ಕೈದು ಸಲ ನೀರು ಬದಲಿಸಿ ತೊಳೆಯಿರಿ. ಇಲ್ಲಿ ಸೋಮಾರಿತನ ಮಾಡಿದರೆ ಕೆಲವು ವರ್ಷದಲ್ಲಿ ಫೋಟೋ ಹಳದಿಯಾಗುತ್ತದೆ. ತೊಳೆದದ್ದನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ಒಳಗೇ ಒಣಗಿಸಿ.

ಎಚ್ಚರಿಕೆಯ ಮಾತು

ಔಷಧಿ ಮುಟ್ಟಿದ ಪಾತ್ರೆ, ಚಮಚ ಮತ್ತೆ ಅಡುಗೆಮನೆಗೆ ಬರಕೂಡದು. ಮಜ್ಜಿಗೆ ಬಾಟಲಿ, ಜ್ಯೂಸ್ ಬಾಟಲಿಯಲ್ಲಿ ಔಷಧಿ ತುಂಬಿಡಬೇಡಿ. ಮಕ್ಕಳು ಬಾಯಾರಿ ಬಂದರೆ ಏನು ಗತಿ? ಹೆಸರು ಬರೆದ ಕ್ಯಾನಿನಲ್ಲಿ ಹಾಕಿ ಬೀಗದೊಳಗಿಡಿ. ಡೆವಲಪರಿನಿಂದ ಕೆಲವರ ಕೈ ತುರಿಸಿ ಒಡೆಯುತ್ತದೆ, ಕೈಗವಸು ತಪ್ಪಿಸಬೇಡಿ. ಗಾಳಿ ಎಳೆಯುವ ಫ್ಯಾನು ಇರಲಿ, ಅದರ ಮುಂದೆ ಬೆಳಕು ತಡೆಯಲು ಹಲಗೆ ಅಡ್ಡವಿರಲಿ.

ಎಲ್ಲಕ್ಕಿಂತ ದೊಡ್ಡದು ಬಾವಿ. ಬಳಸಿದ ಫಿಕ್ಸರಿನಲ್ಲಿ ಕಾಗದದಿಂದ ಬಿಟ್ಟ ಬೆಳ್ಳಿಯ ಅಂಶ ಕರಗಿರುತ್ತದೆ. ನಮ್ಮ ಮುರಕಲ್ಲಿನ ನೆಲದಲ್ಲಿ ಚೆಲ್ಲಿದ್ದು ಬಾವಿಗಿಳಿಯಲು ತಡವಿಲ್ಲ. ತೆಂಗಿನ ಬುಡಕ್ಕೂ ಬೇಡ, ತೋಡಿಗೂ ಬೇಡ, ಮೀನಿಗೆ ಅದು ವಿಷ. ಮುಚ್ಚಳದ ಕ್ಯಾನಿನಲ್ಲಿ ಕೂಡಿಸಿಟ್ಟು, ಪೇಟೆಯಲ್ಲಿ ಬೆಳ್ಳಿ ತೆಗೆಯುವವರು ಸಿಕ್ಕಾಗ ಕೊಡಿ. ಕೊಡಲು ದಾರಿ ಕಾಣದಿದ್ದರೆ ಈ ಕೆಲಸಕ್ಕೆ ಕೈ ಹಾಕುವುದೇ ಬೇಡ. ಫೋಟೋಕ್ಕಿಂತ ಕುಡಿಯುವ ನೀರು ದೊಡ್ಡದು.

ನೆಗೆಟಿವ್‌ಗಳ ಆರೈಕೆ

ಬೂಷ್ಟು ಹಿಡಿದ ನೆಗೆಟಿವನ್ನು ನೀರಿನಲ್ಲಿ ತೊಳೆಯಲು ಹೋಗಬೇಡಿ. ಬೂಷ್ಟು ತಿಂದ ಜೆಲಾಟಿನ್ ನೀರು ಮುಟ್ಟಿದರೆ ಕರಗಿ, ಮುಖವೇ ಹರಿದುಹೋದೀತು. ಒಣಹವೆಯ ದಿನ ಮೆತ್ತನೆಯ ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿ. ವಿನೆಗರ್ ವಾಸನೆ ಬರುವ ಫಿಲಂ ಕೆಡುತ್ತಿದೆ ಎಂದರ್ಥ. ಅದನ್ನು ಬೇರೆ ಇಟ್ಟು, ಮೊದಲು ಅದರ ಪ್ರಿಂಟನ್ನೇ ಮಾಡಿ. ಉಳಿದವನ್ನು ಒಂದೊಂದಾಗಿ ಕಾಗದದ ಕವರಿನಲ್ಲಿ ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಜೊತೆಗೆ ಸಿಲಿಕಾ ಜೆಲ್, ಅದಿಲ್ಲವಾದರೆ ಚೆನ್ನಾಗಿ ಹುರಿದು ಆರಿಸಿದ ಅಕ್ಕಿಯ ಸಣ್ಣ ಗಂಟು. ಡಬ್ಬಿಯನ್ನು ನೆಲದ ಟ್ರಂಕಿನಲ್ಲಿ ಅಲ್ಲ, ಕಪಾಟಿನ ನಡು ಹಲಗೆಯಲ್ಲಿಡಿ. ನುಸಿಗುಳಿಗೆ ಹತ್ತಿರ ಬೇಡ.

ದೀಪಾವಳಿ ಕಳೆದು ಫೆಬ್ರವರಿಯವರೆಗಿನ ದಿನಗಳು ಈ ಕೆಲಸಕ್ಕೆ ಸರಿಯಾದ ಕಾಲ. ಗಾಳಿ ಒಣಗಿರುತ್ತದೆ, ಬಾವಿ ನೀರೂ ತಂಪು. ವಾರಕ್ಕೊಂದು ರಾತ್ರಿ, ನಾಲ್ಕು ನೆಗೆಟಿವ್ ಎಂದು ಲೆಕ್ಕ ಇಟ್ಟುಕೊಳ್ಳಿ. ಪ್ರಿಂಟು ಒಣಗಿದ ಮೇಲೆ ಮನೆಯ ಹಿರಿಯರ ಕೈಗೆ ಕೊಟ್ಟು ಇವರು ಯಾರು, ಯಾವ ಊರು, ಯಾರ ಮದುವೆ ಎಂದು ಕೇಳಿ. ಅವರು ಹೇಳಿದ್ದನ್ನು ಮೊದಲು ಒಂದು ಪುಸ್ತಕದಲ್ಲಿ ನಂಬರ್ ಹಾಕಿ ಬರೆದಿಡಿ, ಅದೇ ನಂಬರನ್ನು ಫೋಟೋದ ಕವರಿನ ಮೇಲೂ ಬರೆಯಿರಿ. ಕೆಟ್ಟ ಪ್ರಿಂಟನ್ನು ಮತ್ತೊಂದು ಸಲ ಮಾಡಬಹುದು. ಆದರೆ ಆ ಹೆಸರುಗಳನ್ನು ಬಲ್ಲವರು ಇನ್ನು ಎಷ್ಟು ಮಳೆಗಾಲ ನಮ್ಮ ಜೊತೆಗಿರುತ್ತಾರೋ, ಬಲ್ಲವರಾರು? ಅದಕ್ಕೇ ಈ ವರ್ಷವೇ ಶುರು ಮಾಡಿ.