ಪುಷ್ಯ ಮಳೆಯ ನಡುವೆ ಅರ್ಧ ದಿನದ ಹೊಳವು

ಪುಷ್ಯ ಮಳೆ ಹಿಡಿದು ಹೊಡೆಯುತ್ತಿದೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಬದಿಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಮಧ್ಯಾಹ್ನ ಒಂದು ಗಂಟೆಗೇ ದೀಪ ಹಾಕಿದ್ದಾರೆ. ಅಂಥದೊಂದು ಮನೆಯ ಜಗಲಿ. ಮೂಲೆಯಲ್ಲಿ ಮೈಲುತುತ್ತದ ಚೀಲ, ಸುಣ್ಣ, ಸುತ್ತಿಟ್ಟ ಪೈಪು, ನೀಲಿ ಕಲೆ ಹಿಡಿದ ಡ್ರಮ್ಮು. ಮೊದಲ ಸಲ ಔಷಧಿ ಹೊಡೆದು ನಲವತ್ತು ದಿನ ದಾಟಿತು. ಎರಡನೆಯದಕ್ಕೆ ಮಳೆ ಬಿಡುತ್ತಿಲ್ಲ. ಬೆಳಗ್ಗೆ ತೋಟದಿಂದ ಹೆಕ್ಕಿ ತಂದ ಹಸಿರು ಕಾಯಿಗಳು ಕಟ್ಟೆಯ ಮೇಲಿವೆ. ತೊಟ್ಟಿನ ಬುಡದಲ್ಲಿ ನೀರು ಕುಡಿದಂಥ ಕಪ್ಪು ಕಲೆ. ಕೊಳೆ ಶುರುವಾಗಿದೆ.

“ಅಪ್ಪಯ್ಯ, ಬುಧವಾರ ಹೊಳವು ತೋರಿಸ್ತಾ ಇದೆ.”

“ಯಾವುದ್ರಲ್ಲಿ? ಯುರೋಪಿಂದ್ರಲ್ಲೋ, ಅಮೆರಿಕದ್ರಲ್ಲೋ?”

“ಯುರೋಪಿಂದ್ರಲ್ಲಿ. ಅಮೆರಿಕದ್ದು ಬುಧವಾರವೂ ಮಳೆ ಅಂತಿದೆ.”

ಮಗನ ಫೋನಿನಲ್ಲಿ ಅರಬ್ಬಿ ಸಮುದ್ರ ಬಿಳಿ ಗೆರೆಗಳಾಗಿ ಹರಿಯುತ್ತಿದೆ. ಬೆರಳು ಸರಿಸಿದಂತೆ ಸೋಮವಾರ ಮಂಗಳವಾರವಾಗುತ್ತದೆ, ಘಟ್ಟದ ಮೇಲಿನ ನೇರಳೆ ಬಣ್ಣ ನೀಲಿಗೆ, ನೀಲಿ ತೆಳು ಹಸಿರಿಗೆ ಇಳಿಯುತ್ತದೆ. ಮುನ್ಸೂಚನೆಯ ಮಾದರಿ ಬದಲಿಸಿದರೆ ಅದೇ ಬುಧವಾರ ಮತ್ತೆ ಕಡುನೀಲಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಯಾವಾಗ ಮೂಡುತ್ತದೆ ಎನ್ನುವಲ್ಲಿ ಇವೆರಡಕ್ಕೂ ಒಮ್ಮತವಿಲ್ಲ. ಅಮೆರಿಕದ್ದು ಅದನ್ನು ಎರಡು ದಿನ ಮೊದಲೇ ಮೂಡಿಸಿದೆ. ಕುಸಿತ ಬಲವಾದರೆ ಪಡುಗಾಳಿ ಬಿರುಸಾಗಿ ಇಲ್ಲಿ ಮಳೆ ಸುರಿಯುತ್ತದೆ.

ಅಪ್ಪಯ್ಯ ಹೇಳುವ ‘ಯುರೋಪಿಂದು’ 1975ರಲ್ಲಿ ಹುಟ್ಟಿದ ಯುರೋಪಿನ ಮಧ್ಯಮಾವಧಿ ಹವಾ ಮುನ್ಸೂಚನಾ ಕೇಂದ್ರದ ಲೆಕ್ಕ. ಭೂಮಿಯನ್ನು ಸುಮಾರು 9 ಕಿ.ಮೀ. ಚೌಕಗಳಾಗಿ ಕೊಯ್ದು, ಒಂದೊಂದರಲ್ಲೂ ಗಾಳಿ, ತೇವ, ಒತ್ತಡಗಳನ್ನು ಮುಂದಕ್ಕೆ ಲೆಕ್ಕ ಹಾಕುತ್ತದೆ. ಅಮೆರಿಕದ ಜಿಎಫ್‌ಎಸ್‌ನ ಚೌಕ ಸುಮಾರು 13 ಕಿ.ಮೀ. ನಮ್ಮ ಘಟ್ಟ ಈ ಚೌಕಗಳಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಸೋಮೇಶ್ವರದ ಬುಡದಿಂದ ಆಗುಂಬೆಯ ನೆತ್ತಿಗೆ ನೇರ ಅಳೆದರೆ ಒಂದು ಚೌಕದಷ್ಟು ದೂರವೂ ಇಲ್ಲ. ಮಾದರಿಯ ಕಣ್ಣಿಗೆ ಕಡಿದಾದ ಗೋಡೆ ಇಳಿಜಾರು ಗದ್ದೆಯಾಗಿ ಕಾಣುತ್ತದೆ. ಮೋಡವನ್ನು ಮೇಲೆತ್ತಿ ಹಿಂಡುವುದು ಆ ಗೋಡೆಯೇ. ಹಾಗಾಗಿ ನೆತ್ತಿಯ ಮೇಲಿನ ಮಳೆಯನ್ನು ಮಾದರಿಗಳು ಎಷ್ಟೋ ಸಲ ಕಡಿಮೆ ತೋರಿಸುತ್ತವೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನ ಚೌಕ 6 ಕಿ.ಮೀ. ಘಟ್ಟದವರಿಗೆ ಇದು ದೊಡ್ಡ ಸಮಾಚಾರ.

ಜಗಲಿಯಲ್ಲಿ ಯಾರಿಗೂ ಬುಧವಾರ ಎಷ್ಟು ಮಿ.ಮೀ. ಎಂಬುದು ಬೇಡ. ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಮರ ಆರಿರುತ್ತದೆಯೇ? ಅಷ್ಟೇ ಪ್ರಶ್ನೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೆರೆಸಿದ ಬೋರ್ಡೋ ಆ ದಿನವೇ ಖರ್ಚಾಗಬೇಕು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆಗೆ ಈ ಮದ್ದು ತೋರಿಸಿಕೊಟ್ಟರು. ಕೊನೆಯ ಮೇಲೆ ಅದು ಒಣಗಿ ಕೂರಲು ಕೆಲವು ಗಂಟೆಯ ಬಿಡುವು ಬೇಕು. ಅದಕ್ಕಿಂತ ದೊಡ್ಡದು ಮರವೇರುವ ಕೊನೆಗಾರನ ಜೀವ. ಪಾಚಿಗಟ್ಟಿದ ಒದ್ದೆ ಅಡಿಕೆ ಮರದಲ್ಲಿ ಕಾಲು ಜಾರಿದರೆ ಹಿಡಿಯಲು ಕೊಂಬೆಯಿಲ್ಲ. ತಪ್ಪು ಮುನ್ಸೂಚನೆ ನಂಬಿ ಒಬ್ಬರನ್ನು ಮರ ಹತ್ತಿಸುವುದು ಸಣ್ಣ ಮಾತಲ್ಲ.

ಅದಕ್ಕೇ ಮಗ ಬಣ್ಣಕ್ಕೆ ಮರುಳಾಗದೆ ಕಾಯುತ್ತಾನೆ. ಮಾದರಿಗಳು ಬೆಳಗ್ಗೆ ಐದೂವರೆ, ಸಂಜೆ ಐದೂವರೆಯ ಹವೆಯಿಂದ ಹೊಸದಾಗಿ ಲೆಕ್ಕ ಶುರುಮಾಡುತ್ತವೆ. ಬೆಳಗಿನ ಯುರೋಪಿನ ಲೆಕ್ಕ ಊಟದ ಹೊತ್ತಿಗೆ ಕೈಗೆ ಸಿಗುತ್ತದೆ. ಆರಂಭದ ಅಳತೆಯನ್ನು ಚೂರುಚೂರೇ ಬದಲಿಸಿ ಅದೇ ಕೇಂದ್ರ 51 ಸಲ ಲೆಕ್ಕ ಹಾಕಿಸುತ್ತದೆ. ಐವತ್ತೊಂದೂ ಒಂದೇ ಕಡೆ ವಾಲಿದರೆ ಧೈರ್ಯ. ಚೆಲ್ಲಾಪಿಲ್ಲಿಯಾದರೆ, ಎದುರಿಗೆ ಕಾಣುವ ಒಂದು ಚಂದದ ನಕ್ಷೆಗೆ ಬೆಲೆಯಿಲ್ಲ.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಅಮೆರಿಕದ್ದೂ ಕುಸಿತವನ್ನು ಗುರುವಾರಕ್ಕೆ ಸರಿಸಿತು. ಈಗ ಎರಡೂ ಬುಧವಾರ ಬೆಳಗ್ಗೆಯನ್ನು ಖಾಲಿ ಬಿಟ್ಟಿವೆ. ಹವಾಮಾನ ಇಲಾಖೆಯ ಪಟ್ಟಿಯಲ್ಲಿ ಜಿಲ್ಲೆಗೆ ಆ ದಿನ ಕಿತ್ತಳೆ ಎಚ್ಚರಿಕೆ ಇಲ್ಲ, ಹಳದಿಯೂ ಇಲ್ಲ. ಅಪ್ಪಯ್ಯ ಕೊನೆಗಾರನಿಗೆ ಫೋನು ಹಚ್ಚಿದರು: “ಬುಧವಾರ ಏಳು ಗಂಟೆಗೇ ಬಂದ್ಬಿಡಿ. ಮರ ಒದ್ದೆ ಇದ್ರೆ ಹತ್ತೋದು ಬೇಡ, ಕೂಲಿ ಕೊಡ್ತೀನಿ.”

ಯಾವ ಮಾದರಿ ಗೆದ್ದಿತು ಎಂಬ ಚರ್ಚೆ ನನಗೆ ಮುಖ್ಯವಲ್ಲ. ಎರಡು ಮೂರು ದಿನದ ಮಾತಿಗೆ ಮಾದರಿಗಳ ಒಮ್ಮತ ನಂಬಬಹುದು. ವಾರದಾಚೆಯದನ್ನು ಬರೀ ಒಲವು ಎಂದೇ ತಿಳಿಯಬೇಕು. ನಿಮ್ಮ ತೋಟಕ್ಕೆ ಯಾವುದು ಹೊಂದುತ್ತದೆ ಎಂದು ಹೇಳಬಲ್ಲದ್ದು ನಿಮ್ಮ ಅಂಗಳದ ಮಳೆಮಾಪಕ ಮಾತ್ರ. ಅಡಿಕೆ ಬೆಳೆಯುವ ಪ್ರತಿ ಮನೆಯವರೂ ಒಂದನ್ನು ನೆಡಿ. ದಿನಾ ಬೆಳಗ್ಗೆ ಎಂಟೂವರೆಗೆ ಬಿದ್ದ ಮಳೆಯನ್ನು, ಅದರ ಪಕ್ಕದಲ್ಲೇ ಹಿಂದಿನ ದಿನ ಮಾದರಿಗಳು ಹೇಳಿದ್ದನ್ನು ಬರೆದಿಡಿ.