ಹಿನ್ನೀರಿನ ಮೇಲೊಂದು ರಸ್ತೆ

ಭೀಮರಾಯನಗುಡಿಯ ನಾವು ಕಾಲುವೆಯ ಕಡೆಯ ಮಂದಿ. ಬಸವಸಾಗರ ಜಲಾಶಯ ತುಂಬಿತೆಂದರೆ ಎಡದಂಡೆ ಕಾಲುವೆಗೆ ನೀರು ಯಾವಾಗ ಎಂದು ಕೇಳುತ್ತೇವೆ. ಆಣೆಕಟ್ಟಿನ ಹಿಂಬದಿಯಲ್ಲಿ ಆ ನೀರು ಯಾರ ಹೊಲ ಹೊಕ್ಕಿತೆಂದು ಕೇಳುವವರು ಕಡಿಮೆ. ಹಿಂಬದಿಯ ಕಥೆ ತಿಳಿಯಬೇಕಾದರೆ ಸಾಗರ ತಾಲ್ಲೂಕಿನ ಸಿಗಂದೂರು ಸೇತುವೆ ನೋಡಬೇಕು.

1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಮುಗಿದು ಶರಾವತಿಗೆ 151 ಟಿಎಂಸಿ ಅಡಿಯ ಜಲಾಶಯವಾಯಿತು. ನಮ್ಮ ಬಸವಸಾಗರದ್ದು ಸುಮಾರು 33, ಲೆಕ್ಕ ಹಾಕಿಕೊಳ್ಳಿ. ನಾಡಿಗೆ ಕರೆಂಟು ಬಂತು. ತುಮರಿ ಸುತ್ತಿನ ಹಳ್ಳಿಗಳಿಗೆ ತಾಲ್ಲೂಕು ಕೇಂದ್ರವೇ ಆಚೆ ದಡವಾಯಿತು. ಬಸ್ಸು, ಕಾರು, ಮದುವೆ ದಿಬ್ಬಣ ಎಲ್ಲಕ್ಕೂ ಹೊಳೆಬಾಗಿಲಿನ ಲಾಂಚೇ ಗತಿಯಾಗಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿತೋ, ರಸ್ತೆಯಲ್ಲಿ ಸುಮಾರು 80 ಕಿ.ಮೀ. ಸುತ್ತು. ಬರಗಾಲದಲ್ಲಿ ನೀರಿಳಿದರೆ ವಾಹನ ಹತ್ತಿಸುವಂತಿರಲಿಲ್ಲ. ಹೆರಿಗೆ ನೋವು, ಹಾವು ಕಡಿತ ಲಾಂಚಿನ ಸಮಯ ನೋಡಿ ಬರುತ್ತವೆಯೇ?

ಈ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಉದ್ದ, 16 ಮೀಟರ್ ಅಗಲದ ಸಿಗಂದೂರು ಸೇತುವೆಗೆ 2018ರಲ್ಲಿ ಅಡಿಗಲ್ಲು ಬಿತ್ತು. 470 ಕೋಟಿ ರೂಪಾಯಿಗೂ ಮಿಕ್ಕಿ ಖರ್ಚಾಗಿ, 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ದೇಶದಲ್ಲೇ ಎಷ್ಟನೆಯ ಉದ್ದದ್ದೆಂಬ ಪ್ರಚಾರ ಜೋರಾಗಿತ್ತು. ನನಗೆ ಅದಕ್ಕಿಂತ ಕಟ್ಟಿದ ರೀತಿಯೇ ಸ್ವಾರಸ್ಯ. ಇದು ಕೇಬಲ್ಲೇ ಪೂರಾ ಭಾರ ಹೊರುವ ಸೇತುವೆಯಲ್ಲ, ಎಕ್ಸ್‌ಟ್ರಾಡೋಸ್ಡ್ ಎಂಬ ಮಾದರಿ. ಗೋಪುರ ಗಿಡ್ಡ, ಕೇಬಲ್ ಓರೆ ಕಡಿಮೆ, ಕಾಂಕ್ರೀಟ್ ತೊಲೆ ದಪ್ಪ; ಭಾರವನ್ನು ತೊಲೆ, ಕೇಬಲ್ ಎರಡೂ ಹಂಚಿಕೊಳ್ಳುತ್ತವೆ. ಆಳದ ನೀರಲ್ಲಿ ಕಂಬ ಹೂಡುವುದು ದುಬಾರಿ, ಹಾಗಾಗಿ ನಡುಭಾಗದಲ್ಲಿ ಕಂಬಗಳ ಅಂತರ ಹಿಗ್ಗಿಸಿ ಅಲ್ಲಿ ಮಾತ್ರ ಕೇಬಲ್ ಬಿಗಿದಿದ್ದಾರೆ. ಕಂಬದ ಎರಡೂ ಬದಿಗೆ ಒಂದೊಂದೇ ತುಂಡು ಸೇರಿಸುತ್ತ, ತಕ್ಕಡಿಯಂತೆ ಭಾರ ಸರಿದೂಗಿಸುತ್ತ ಚಾಚಿದರೆ ಕೆಳಗೆ ನೀರಲ್ಲಿ ಆಸರೆ ಬೇಕಿಲ್ಲ.

ಈ ಹಿನ್ನೀರಿನ ಕಥೆ ಬರೆದ ಸಾಗರದ ಸಾಹಿತಿ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಹುಟ್ಟಿದ್ದು ಹಾಗೆ. 2002ರಲ್ಲಿ ‘ದ್ವೀಪ’ ಗಿರೀಶ ಕಾಸರವಳ್ಳಿಯವರ ಸಿನಿಮಾ ಆಯಿತು. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಸೇತುವೆ ತೆರೆಯಲು ಇನ್ನಾರು ತಿಂಗಳಿತ್ತು. ನಮ್ಮ ಬಸವಸಾಗರದ ಹಿನ್ನೀರು ಕೂಡಲಸಂಗಮದ ಐಕ್ಯಮಂಟಪವನ್ನೇ ಸುತ್ತುವರಿದಿದೆ. ಭೀಮರಾಯನಗುಡಿಯ ನಮ್ಮ ನೀರಾವರಿ ಕ್ಯಾಂಪಿನ ಕಚೇರಿಗಳಿಂದಲೂ ಅಂಥ ಒಬ್ಬ ನೌಕರ ಬರೆಯಲು ಕೂತಿದ್ದರೆ ಎಂದು ಆಸೆಯಾಗುತ್ತದೆ.

ಸಿಗಂದೂರು ಚೌಡೇಶ್ವರಿಯ ಭಕ್ತರಿಗೆ, ತುಮರಿಯವರಿಗೆ ಈಗ ಹೊಳೆ ದಾಟುವುದು ಕೆಲವೇ ನಿಮಿಷದ ಮಾತು. ಅದೇ ಹಿನ್ನೀರಿನ ಹಸಿರುಮಕ್ಕಿಯಲ್ಲಿ ಮಾತ್ರ ಇನ್ನೊಂದು ಸೇತುವೆಯ ಕಾಮಗಾರಿ ವರ್ಷಗಟ್ಟಲೆ ಕುಂಟಿತು.